ಐಸಮ್ಮನೂ ಐಸಿನ ಚಂದ್ರನೂ

ಅಂದು ಟೇರೇಸಿನ ಮೇಲೆ ನಾವು ನಾಲ್ಕು ಜನ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಐಸಮ್ಮ, ತಲೆಯ ಮೇಲಿನ ಬಿಳಿ ಬಟ್ಟೆಯನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡು. ಅವರ ಮಗ ಹಮೀದ್, ದುಬಾಯಿಯಿಂದ ರಜೆಯಲ್ಲಿ ಬಂದವನು. ಹಮೀದನ ಮಗಳು ಶಮೀಮ, ಕಾಲೇಜಿನಲ್ಲಿ ಫಿಸಿಕ್ಸ್ ಓದುವವಳು. ಮತ್ತೆ ನಾನು, ಕಂಪೌಂಡಿನ ಆಚೆ ಮನೆಯ ಸುಮತಿ. ಊರವರ ಬ್ಲೌಸು ಹೊಲಿದುಕೊಂಡು ಬದುಕಿದವಳು, ಕರೆಯದಿದ್ದರೂ ಬರುವವಳು.

ನಮ್ಮ ಪಡೀಲಿಗೆ ಅದು ಚಳಿಗಾಲ. ಮಂಗಳೂರಿನ ಚಳಿಗಾಲವೆಂದರೆ ನಿಮಗೆ ಗೊತ್ತಲ್ಲ, ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವ ಕಾಲ. ಸಂಜೆಯ ಮಗ್ರಿಬ್ ನಮಾಜು ಆಗಷ್ಟೇ ಮುಗಿದಿತ್ತು. ಮಗಳು ಬಹಳ ದಿನದಿಂದ ಕೇಳುತ್ತಿದ್ದಾಳೆಂದು ಹಮೀದ್ ತಂದ ಟೆಲಿಸ್ಕೋಪು ಮೂರು ಕಾಲಿನ ಮೇಲೆ ಕೊಕ್ಕರೆಯ ಹಾಗೆ ನಿಂತಿತ್ತು. ಬಂದ ದಿನ ಅವನು ಅದನ್ನು ಹೆದ್ದಾರಿಯ ಕಡೆ ತಿರುಗಿಸಿ ಬಂಟ್ವಾಳದ ಬಸ್ಸನ್ನು ನೋಡಿದ್ದನಂತೆ. ಬೋರ್ಡಿನ ಅಕ್ಷರವೆಲ್ಲ ತಿರುಗಾ ಮುರುಗಾ. "ಮೋಸ ಮಾಡಿದ ಮಾರಾಯ ಅಂಗಡಿಯವನು" ಎಂದು ಮತ್ತೆ ಪೆಟ್ಟಿಗೆಗೆ ತುಂಬುವುದರಲ್ಲಿದ್ದ. ಶಮೀಮ ಬಿಡಲಿಲ್ಲ.

ಅವಳು ಪೂರ್ವದಲ್ಲಿ ಒಂದು ದಪ್ಪ ನಕ್ಷತ್ರಕ್ಕೆ ಅದನ್ನು ಗುರಿ ಹಿಡಿದಳು.

"ಎಂತ ಉಂಟು ಅಲ್ಲಿ?" ಎಂದು ಕೇಳಿದರು ಐಸಮ್ಮ.

"ಅದು ನಕ್ಷತ್ರ ಅಲ್ಲ ಉಮ್ಮಾಮ, ಗುರುಗ್ರಹ. ಅದರ ಸುತ್ತ ನಾಲ್ಕು ದೊಡ್ಡ ಚಂದ್ರ ಉಂಟು. ಸಣ್ಣವು ಇನ್ನೂ ಎಷ್ಟೋ ಉಂಟು. ಈ ನಾಲ್ಕರಲ್ಲಿ ಒಂದು ಪೂರ್ತಿ ಐಸು."

"ಐಸಾ?"

"ಹೂಂ. ಯೂರೋಪಾ ಅಂತ ಹೆಸರು."

"ಯೂರೋಪಿಗೆ ವೀಸಾ ಸಿಗುವುದು ಬಾರೀ ಕಷ್ಟ" ಎಂದ ಹಮೀದ್.

ನಾನು ನಗಲಿಲ್ಲ. ಐಸು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ತಲೆ ಆಕಾಶಕ್ಕೆ ಹೋಗುವ ಬದಲು ನೇರ ಕೆಳಗಿಳಿದು, ಐಸಮ್ಮನ ಹಳೆಯ ಮನೆಯ ಚಾವಡಿಯಲ್ಲಿದ್ದ ಬಿಳಿ ಫ್ರಿಜ್ಜಿನ ಮುಂದೆ ಹೋಗಿ ನಿಂತಿತ್ತು.

ಹೌದು, ಫ್ರಿಜ್ಜು ಚಾವಡಿಯಲ್ಲಿತ್ತು. ಅಷ್ಟು ದೂರದಿಂದ, ಕಡಲು ದಾಟಿ ಬಂದದ್ದನ್ನು ಅಡುಗೆಮನೆಯ ಹೊಗೆಯಲ್ಲಿ ಇಡುವುದುಂಟೇ? ಐಸಮ್ಮನ ಗಂಡ ಅದನ್ನು ಗಲ್ಫಿನಿಂದ ಕಳಿಸಿದಾಗ ನಮ್ಮ ಓಣಿಯಲ್ಲಿ ಅದೊಂದೇ ಫ್ರಿಜ್ಜು. ಅದಕ್ಕೆ ಹೂವಿನ ಕಸೂತಿ ಹಾಕಿದ ಒಂದು ಅಂಗಿ, ತಲೆಯ ಮೇಲೆ ಪ್ಲಾಸ್ಟಿಕ್ ಗುಲಾಬಿ, ಬಾಗಿಲಿಗೆ ಬೀಗ. ಒಳಗಿಂದ ಗುಂಯ್ ಎಂದು ಯಾರೋ ಯಾವಾಗಲೂ ಯೋಚನೆ ಮಾಡುತ್ತಿರುವಂತೆ ಸದ್ದು. ಯಾರಿಗೆ ಜ್ವರ ಬಂದರೂ, ಯಾರ ಕಾಲು ಉಳುಕಿದರೂ, ಓಣಿಯವರು ನನ್ನಂಥ ಮಕ್ಕಳನ್ನು ಓಡಿಸುತ್ತಿದ್ದರು: "ಹೋಗು, ಐಸಮ್ಮನಲ್ಲಿ ಐಸು ತಾ."

ಅಲ್ಲಿಗೆ ನನಗೆ ಲೋಕದ ಒಂದು ಸತ್ಯ ತಿಳಿದುಹೋಯಿತು. ಐಸು ಕೊಡುವ ಅಮ್ಮ, ಐಸಮ್ಮ. ಅದರಲ್ಲಿ ಕೇಳುವುದೇನುಂಟು? ಈ ತರ್ಕದ ಮೇಲೆ ನಾನು ಹಾಲು ತರುತ್ತಿದ್ದ ಹೆಂಗಸನ್ನು ಹಾಲಮ್ಮ ಎಂದು ಕರೆದು ಅಜ್ಜಿಯಿಂದ ಬೈಸಿಕೊಂಡೆ. ಅವರ ಹೆಸರು ಲಿಲ್ಲಿಬಾಯಿ. ಆದರೂ ನನ್ನ ನಂಬಿಕೆ ಅಲುಗಾಡಲಿಲ್ಲ. ಒಮ್ಮೆ ಕೂಳೂರಿನಲ್ಲಿ ಅವರ ನೆಂಟರ ಮದುವೆಗೆ ಐಸಮ್ಮ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಹೆಂಗಸರ ಕೋಣೆಯಲ್ಲಿ ಯಾರೋ "ಐಸಮ್ಮಾ" ಎಂದು ಕರೆದರೆ ಮೂಲೆ ಮೂಲೆಯಿಂದ ಓಗೊಡುವವರು! ನಾನು ಕಣ್ಣರಳಿಸಿ ಐಸಮ್ಮನ ಸೆರಗು ಎಳೆದು ಕೇಳಿದೆ: "ಇವರೆಲ್ಲರ ಮನೆಯಲ್ಲೂ ಫ್ರಿಜ್ಜು ಉಂಟಾ?"

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರು ನಕ್ಕ ನಗುವಿಗೆ ಮದುಮಗಳೂ ತಲೆಯೆತ್ತಿ ನೋಡಿದಳು. ಆಯಿಷಾ ಎಂಬ ಹೆಸರು ನಮ್ಮ ಕಡೆಯ ಮುಸ್ಲಿಮರಾದ ಬ್ಯಾರಿಗಳ ಬಾಯಲ್ಲಿ ಐಸಮ್ಮ ಆಗುತ್ತದೆ, ಐಸಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಅಂದು ತಿಳಿಯಿತು. ತಿಳಿದರೇನು? ಇವತ್ತಿಗೂ ನನಗೆ ಫ್ರಿಜ್ಜಿನ ಬಾಗಿಲು ತೆರೆದಾಗ ಮುಖಕ್ಕೆ ಬಡಿಯುವ ತಣ್ಣನೆಯ ಗಾಳಿಗೆ ಐಸಮ್ಮನ ವಾಸನೆಯೇ, ಅತ್ತರು ಮತ್ತು ಏಲಕ್ಕಿ.

ರಂಜಾನಿನ ತಿಂಗಳಲ್ಲಿ ಆ ಫ್ರಿಜ್ಜಿಗೆ ಬಿಡುವೇ ಇಲ್ಲ. ಸಂಜೆ ನೋಂಬು ಬಿಡುವ ಹೊತ್ತಿಗೆ, ಅಂದರೆ ಉಪವಾಸ ಮುರಿಯುವ ಹೊತ್ತಿಗೆ, ಎಳನೀರು ಬೊಂಡದ ಶರಬತ್ತಿಗೆ ಐಸು ಬೇಕು. ಟ್ರೇಯ ಐಸು ಎಲ್ಲಿ ಸಾಕಾಗುತ್ತದೆ? ಐಸಮ್ಮ ಸ್ಟೀಲಿನ ಲೋಟಗಳಿಗೆ ನೀರು ತುಂಬಿ ಇಡುತ್ತಿದ್ದರು. ಕರೆಂಟು ಕೈಕೊಟ್ಟ ದಿನ ಅವು ಪೂರ್ತಿ ಗಟ್ಟಿಯಾಗುತ್ತಿರಲಿಲ್ಲ. ಅಂಥ ಲೋಟವನ್ನು ಮಗುಚಿದರೆ ಸಿಗುತ್ತಿದ್ದದ್ದೇ ನನ್ನ ಬಾಲ್ಯದ ದೊಡ್ಡ ಆಶ್ಚರ್ಯ. ಹೊರಗೆಲ್ಲ ಐಸಿನ ಗೋಡೆ, ಒಳಗೆ ನೀರು. ಅಲುಗಾಡಿಸಿದರೆ ಒಳಗೆ ಒಂದು ಗುಳ್ಳೆ ಅತ್ತಿಂದಿತ್ತ ಈಜುತ್ತಿತ್ತು. ಕೈ ಮರಗಟ್ಟುವವರೆಗೆ ನಾನದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. "ಸಾಕು ಬಾಲೆ, ನನ್ನ ಶರಬತ್ತು ಬಿಸಿಯಾಗ್ತದೆ" ಎಂದು ಅವರು ಕಿತ್ತುಕೊಳ್ಳುತ್ತಿದ್ದರು. ಬಾಲೆ ಎಂದರೆ ತುಳುವಿನಲ್ಲಿ ಮಗು. ನನಗೆ ಐವತ್ತೆಂಟು ತುಂಬಿದ ಮೇಲೂ ಅವರ ಬಾಯಲ್ಲಿ ನಾನು ಬಾಲೆಯೇ.

ಐಸಮ್ಮನಿಗೆ ಇನ್ನೊಂದು ಕೀರ್ತಿಯೂ ಇತ್ತು. ಅದನ್ನು ಹೇಳದಿದ್ದರೆ ಈ ಕಥೆ ಕುಂಟುತ್ತದೆ. ಓಣಿಯಲ್ಲಿ ಪೆರ್ನಾಲಿನ ಚಂದ್ರನನ್ನು ಮೊದಲು ಕಾಣುತ್ತಿದ್ದವರು ಅವರು. ಪೆರ್ನಾಲ್ ಎಂದರೆ ಬ್ಯಾರಿ ಮಾತಿನಲ್ಲಿ ಹಬ್ಬ. ಇಪ್ಪತ್ತೊಂಬತ್ತನೆಯ ನೋಂಬಿನ ಸಂಜೆ ಪಡುವಣದಲ್ಲಿ ಚಂದ್ರ ಕಂಡರೆ ಮರುದಿನ ಹಬ್ಬ, ಕಾಣದಿದ್ದರೆ ಇನ್ನೊಂದು ಉಪವಾಸ. ತೀರ್ಮಾನ ಹೇಳುವುದು ಕಾಝಿಯವರೇ. ಆದರೆ ನಮ್ಮ ಓಣಿಗೆ ಐಸಮ್ಮನ ಕಣ್ಣು ಹೇಳಿದ್ದೇ ಮೊದಲ ಸುದ್ದಿ.

ಆ ಕಣ್ಣು ಸುಲಭಕ್ಕೆ ಒಪ್ಪುವ ಕಣ್ಣಲ್ಲ. ಒಮ್ಮೆ ಓಣಿಗೆ ಓಣಿಯೇ "ಅಕೊಳ್ಳಿ, ಅಲ್ಲಿ!" ಎಂದು ಕೂಗಿತು. ಬೆಳ್ಳಿಯ ಗೆರೆಯಂಥದ್ದು ನನಗೂ ಕಂಡಿತು. ಐಸಮ್ಮ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿ, "ಅದು ಮೋಡದ ಅಂಚು" ಎಂದರು. ಹುಡುಗರು ಗೋಗರೆದರು, ರಜೆಗೆ ಬಂದಿದ್ದ ಅವರ ಗಂಡ ಗೋಗರೆದರು. "ಕಾಣದ್ದನ್ನು ಕಂಡೆ ಅಂತ ಹೇಳಿದರೆ ಅದು ಚಂದ್ರನಿಗೂ ಮೋಸ, ದೇವರಿಗೂ ಮೋಸ" ಎಂದು ಅವರು ಮನೆಯೊಳಗೆ ಹೋದರು. ಗೆರೆ ಕೊಂಚ ಹೊತ್ತಿನಲ್ಲಿ ಅಗಲವಾಗಿ, ಬೂದುಬಣ್ಣಕ್ಕೆ ತಿರುಗಿ, ಹತ್ತಿಯ ಹಾಗೆ ಹಿಂಜಿಹೋಯಿತು. ಬಿರಿಯಾನಿ ಒಂದು ದಿನ ಮುಂದೆ ಹೋದ ದುಃಖ ಓಣಿಯ ಮಕ್ಕಳಿಗೆಲ್ಲ, ಜಾತಿಭೇದವಿಲ್ಲದೆ. ನನ್ನ ಅಜ್ಜಿ ಮಾತ್ರ, "ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಬರ್ತದೆ ಲೋಕಕ್ಕೆ. ಆದರೂ ಅವಳು ಹೇಳ್ತಾಳೆ" ಎಂದು ಮೆಚ್ಚಿದರು. ನನಗೆ ಮಾತು ಕಲಿಸಿದ್ದು ಅಜ್ಜಿ. ಕಾಣದ್ದನ್ನು ಕಂಡೆ ಎನ್ನಬಾರದು ಎಂದು ಕಲಿಸಿದ್ದು ಐಸಮ್ಮ. ಎರಡನೆಯ ಪಾಠ ನನಗೆ ಅಷ್ಟಾಗಿ ಹತ್ತಲಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಅಂಥ ಕಣ್ಣಿಗೆ ಪೊರೆ ಬಂದಿತ್ತು. ಕೆಲವು ವರ್ಷದಿಂದ ಐಸಮ್ಮ ಪೆರ್ನಾಲಿನ ಸಂಜೆ ಟೇರೇಸಿಗೆ ಹತ್ತಿದರೂ ಕುರ್ಚಿಯಲ್ಲಿ ಕುಳಿತು ಬೇರೆಯವರನ್ನು "ಕಂಡಿತಾ?" ಎಂದು ಕೇಳುವವರಾದರು. ಆಪರೇಶನ್ ಎಂದರೆ ಮಾತು ತಿರುಗಿಸುವರು. ನೋಂಬು ಮುಗಿಯಲಿ, ಪೆರ್ನಾಲ್ ಮುಗಿಯಲಿ, ಮಳೆಗಾಲ ಮುಗಿಯಲಿ. ನನ್ನ ಅಜ್ಜಿ ನನ್ನ ಮದುವೆಗೆ ಗುರುಬಲ ಬರಲಿ, ಗುರುಬಲ ಬರಲಿ ಎಂದು ಮುಂದೂಡಿದಂತೆ. ಕಾರಣ ಹೆದರಿಕೆಯಲ್ಲ ಎನ್ನುತ್ತಿದ್ದರು. ಆಪರೇಶನ್ ಆದ ಮೇಲೆ ಕೆಲವು ವಾರ ತಲೆ ಬಗ್ಗಿಸಬಾರದು ಎಂದು ಡಾಕ್ಟರು ಹೇಳಿದ್ದರು. "ಹಣೆ ನೆಲಕ್ಕೆ ಮುಟ್ಟದ ನಮಾಜು ನನಗೆ ಸಮಾಧಾನ ಇಲ್ಲ" ಎಂಬುದು ಅವರ ಮಾತು.

ಈಗ ಟೇರೇಸಿಗೆ ವಾಪಸು ಬರುತ್ತೇನೆ. ಮೊದಲ ಸರದಿ ನನ್ನದು. ನಾನು ಒಂದು ಕಣ್ಣು ಮುಚ್ಚಿ ಬಗ್ಗಿದೆ. ನನ್ನ ರೆಪ್ಪೆಯ ಕೂದಲೇ ಬಿದಿರಿನ ಮೆಳೆಯಂತೆ ಕಂಡಿತು. ಸೂಜಿಗೆ ನೂಲು ಪೋಣಿಸಲು ಗಿರಾಕಿಗಳನ್ನೇ ಬೇಡುವವಳು ನಾನು.

"ಕಂಡಿತಾ ಆಂಟಿ?"

"ಓ, ಕಂಡಿತು! ಎಷ್ಟು ಚಂದ!" ಎಂದೆ.

"ನಾನು ಮುಚ್ಚಳ ತೆಗೆಯಲೇ ಇಲ್ಲ" ಎಂದಳು ಶಮೀಮ.

ಹಮೀದ್ ನಕ್ಕದ್ದು ಹೆದ್ದಾರಿಗೆ ಕೇಳಿರಬೇಕು. ಮುಚ್ಚಳ ತೆಗೆದ ಮೇಲೆ ಮತ್ತೆ ಬಗ್ಗಿದೆ. ಈ ಸಲ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಪ್ಪಿನ ನಡುವೆ ಒಂದು ಪುಟ್ಟ ಬಿಳಿ ಗುಂಡು, ಅದರ ಮೇಲೆ ಮಾಸಿದ ಎರಡು ಪಟ್ಟೆ. ಅದರ ಎರಡು ಕಡೆಗೂ, ನೂಲಿನಲ್ಲಿ ಪೋಣಿಸಿದ ಹಾಗೆ ಒಂದೇ ಸಾಲಿನಲ್ಲಿ, ನಾಲ್ಕು ಚುಕ್ಕಿ. ನನ್ನ ಮದುವೆಯನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ ಗುರು ಇವನೇ ಏನು? ಬೈಯಬೇಕೆಂದುಕೊಂಡವಳು ಇನ್ನಷ್ಟು ಬಗ್ಗಿ ನೋಡಿದೆ. ಅಷ್ಟು ದೂರದಲ್ಲಿ, ಯಾರೂ ನೋಡಲಿ ಬಿಡಲಿ, ಅವನ ಸಂಸಾರ ಅವನ ಸುತ್ತ ತಿರುಗುತ್ತಲೇ ಇತ್ತು.

ಆಮೇಲೆ ಐಸಮ್ಮ. ಶಮೀಮ ಕುರ್ಚಿಯನ್ನೇ ಹತ್ತಿರ ಎಳೆದು ಅವರ ಗಲ್ಲ ಹಿಡಿದು ಕಣ್ಣು ಸರಿಯಾಗಿ ಇರಿಸಿದಳು. ಅವರು ಬಹಳ ಹೊತ್ತು ನೋಡಿದರು. ಒಂದು ಕಣ್ಣು, ಮತ್ತೆ ಇನ್ನೊಂದು ಕಣ್ಣು.

"ಹಾಲು ಚೆಲ್ಲಿದ ಹಾಗೆ ಉಂಟು. ಅಷ್ಟೇ" ಎಂದರು. "ಚಂದ್ರ ಎಲ್ಲ ಇಲ್ಲ."

"ಉಮ್ಮಾ, ಸರಿಯಾಗಿ ನೋಡಿ, ಉಂಟು" ಎಂದ ಹಮೀದ್.

"ಉಂಟು ಅಂತ ನೀನು ಹೇಳ್ತಿ. ನನಗೆ ಕಾಣುವುದಿಲ್ಲ."

ಶಮೀಮ ಮಾತು ತಿರುಗಿಸಿ ಐಸಿನ ಚಂದ್ರನ ವಿಷಯ ಹೇಳತೊಡಗಿದಳು. ಅದು ನಮ್ಮ ಚಂದ್ರನಿಗಿಂತ ಕೊಂಚ ಸಣ್ಣದಂತೆ. ಮೂರೂವರೆ ದಿನಕ್ಕೆ ಗುರುವಿಗೆ ಒಂದು ಸುತ್ತು ಬರುತ್ತದಂತೆ.

"ಹಾಗಾದರೆ ಅಲ್ಲಿ ಮೂರೂವರೆ ದಿನಕ್ಕೆ ಒಂದು ತಿಂಗಳು" ಎಂದ ಹಮೀದ್. "ನೋಂಬಿನ ತಿಂಗಳು ಹಿಡಿಯುವಷ್ಟರಲ್ಲಿ ಬಿಡ್ತದೆ. ನಾನು ಅಲ್ಲಿಗೇ ಹೋಗ್ತೇನೆ."

"ಹೋಗು. ಅಲ್ಲಿ ಬಿರಿಯಾನಿ ಮಾಡುವವರು ಯಾರುಂಟು ನೋಡುವ" ಎಂದರು ಐಸಮ್ಮ.

ಮೈಲಿಗಟ್ಟಲೆ ದಪ್ಪದ ಐಸಿನ ಚಿಪ್ಪು, ಅದರ ಕೆಳಗೆ ಕಡಲು ಇರಬೇಕು ಎಂದಳು ಶಮೀಮ. ನಮ್ಮ ಭೂಮಿಯ ಎಲ್ಲ ಕಡಲೂ ಸೇರಿದರೆ ಆಗುವುದಕ್ಕಿಂತ ಹೆಚ್ಚು ನೀರಂತೆ.

"ಯಾರು ನೋಡಿದ್ದು?"

"ಯಾರೂ ನೋಡಿಲ್ಲ ಉಮ್ಮಾಮ. ಐಸಿನ ಮೇಲೆ ಬಿರುಕು ಬಿದ್ದ ಕ್ರಮ, ಮತ್ತೆ ಅಲ್ಲಿ ಅಯಸ್ಕಾಂತದ ಲೆಕ್ಕ ಎಲ್ಲ ನೋಡಿ, ಒಳಗೆ ನೀರು ಅಲುಗಾಡ್ತಾ ಉಂಟು ಅಂತ ಹೇಳ್ತಾರೆ. ಈಗ ನೋಡ್ಲಿಕ್ಕೆ ನೌಕೆ ಹೋಗ್ತಾ ಉಂಟು. ಮುಟ್ಟಲು ವರ್ಷಗಟ್ಟಲೆ ಬೇಕು."

ಐಸಮ್ಮ ನನ್ನ ಕಡೆ ತಿರುಗಿ, "ಬಾಲೆ, ಅದು ನಿನ್ನ ಲೋಟದ ಐಸಿನ ಹಾಗೆ ಅಲ್ವಾ?" ಎಂದರು.

ಅರ್ಧ ಶತಮಾನದ ಹಿಂದೆ ನನ್ನ ಅಂಗೈಯಲ್ಲಿ ತಣ್ಣಗೆ ಕರಗುತ್ತಿದ್ದ ಅದನ್ನು ಅವರೂ ನೆನಪಿಟ್ಟಿದ್ದರು.

"ಅದೇ ಐಸಮ್ಮ. ಅದೇ."

"ಹಾಗಾದರೆ ಆ ಕಡಲಿಗೆ ದಡ?"

"ದಡ ಇಲ್ಲ ಉಮ್ಮಾಮ" ಎಂದಳು ಶಮೀಮ. "ಸುತ್ತಲೂ ಕಡಲೇ. ಮೇಲೆ ಐಸು."

"ದಡ ಇಲ್ಲದಿದ್ದರೆ ಅಲೆ ಎಲ್ಲಿಗೆ ಹೋಗಿ ಒಡೆಯುವುದು?"

ನಾವು ಕಡಲಿನ ಬದಿಯವರು. ನಮಗೆ ಕಡಲೆಂದರೆ ದಡ. ದೋಣಿ, ಬಲೆ, ಕಾಲಿಗೆ ಅಂಟುವ ಮರಳು, ಮಳೆಗಾಲದಲ್ಲಿ ದೂರಕ್ಕೆ ಕೇಳುವ ಮೊರೆತ. ಒಂದು ದೋಣಿಯೂ ಇಳಿಯದ, ಒಂದು ನಕ್ಷತ್ರವೂ ಪ್ರತಿಬಿಂಬಿಸದ, ತನ್ನ ಅಲೆಯನ್ನು ಎಲ್ಲಿಯೂ ಇಳಿಸಲಾಗದೆ ಕತ್ತಲಲ್ಲಿ ಹೊತ್ತು ತಿರುಗುವ ಕಡಲನ್ನು ಯೋಚಿಸಿ ನೋಡಿ. ನಾನು ಯೋಚಿಸಿದೆ, ಕಾಲ ಕೆಳಗಿನ ಟೇರೇಸು ತುಸು ವಾಲಿದಂತಾಗಿ ನೀರಿನ ಟ್ಯಾಂಕಿಯನ್ನು ಹಿಡಿದುಕೊಂಡೆ.

"ಹಮೀದ್" ಎಂದರು ಐಸಮ್ಮ. "ಆಪರೇಶನ್ ಮಾಡಿದರೆ ಅದು ಕಾಣ್ತದಾ?"

ಹಮೀದ್ ಮಗಳನ್ನೂ ನನ್ನನ್ನೂ ನೋಡಿದ. "ಮೂರು ವರ್ಷದಿಂದ ನಾನು ಕಾಲು ಹಿಡಿದದ್ದೇ ಹಿಡಿದದ್ದು. ನನ್ನ ಮುಖ ನೋಡಲು ಬೇಡ, ಆ ಐಸು ನೋಡಲು ಬೇಕಾ ನಿಮಗೆ?"

"ನಿನ್ನ ಮುಖ ನಾನು ಮೊದಲೇ ನೋಡಿದ್ದೇನಲ್ಲ ಮಗಾ."

ಆಪರೇಶನ್ನಿನ ದಿನ ಅತ್ತಾವರದ ಆಸ್ಪತ್ರೆಗೆ ನಾನೂ ಹೋಗಿದ್ದೆ. ಹಸಿರು ಟೊಪ್ಪಿ ಹಾಕಿ ಕೂರಿಸಿದಾಗ ಐಸಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು. ನಮಾಜಿನ ಮಾತಿನ ಹಿಂದೆ ಇಷ್ಟು ವರ್ಷ ಹೆದರಿಕೆಯೂ ಅಡಗಿ ಕುಳಿತಿತ್ತು ಎಂದು ನನಗೆ ಆಗ ಗೊತ್ತಾಯಿತು.

"ಬಾಲೆ, ಇದ್ದ ಹಾಲಿನ ಬೆಳಕೂ ಹೋದರೆ?"

"ಹೋಗುವುದಿಲ್ಲ."

"ನೀನು ಮುಚ್ಚಳ ಮುಚ್ಚಿದ್ದರಲ್ಲೂ ಗುರುವನ್ನು ಕಂಡವಳು. ನಿನ್ನ ಮಾತು ನಂಬುವುದು ಹೇಗೆ?"

ಅವರು ಒಳಗೆ ಹೋದರು. ನಾನು ಹೊರಗೆ ಕುಳಿತು, ನನ್ನ ದೇವರು ಮತ್ತು ಅವರ ದೇವರು ಇಬ್ಬರಿಗೂ ಹೇಳುವುದನ್ನು ಹೇಳಿದೆ. ಗುರುವಿಗೂ ಒಂದು ಮಾತು ಸೇರಿಸಿದೆ: ನನ್ನ ಮದುವೆಯ ಹಳೆಯ ಬಾಕಿ ಬೇಡ, ಈ ಹೆಂಗಸಿನ ಮೇಲೆ ದೃಷ್ಟಿ ಇಡು ಎಂದು.

ಮರುದಿನ ಪಟ್ಟಿ ಬಿಚ್ಚಿದಾಗ ನಾನು ಎದುರು ನಿಂತಿದ್ದೆ. ಐಸಮ್ಮ ಮೊದಲು ಕಿಟಕಿ ನೋಡಿದರು. ಹಮೀದನನ್ನು ನೋಡಿದರು, ಅವನ ಗಡ್ಡದ ನರೆಯನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ತಮ್ಮ ಕುಪ್ಪಸದ ತೋಳಿನ ಅಂಚನ್ನು ಕಣ್ಣಿನ ಹತ್ತಿರ ತಂದರು.

"ಇದು ನೀನು ಹೊಲಿದದ್ದಲ್ವಾ?"

"ಹೌದು ಐಸಮ್ಮ."

"ಮೂರು ವರ್ಷದಿಂದ ಹೀಗೆಯೇ ಸೊಟ್ಟ ಹೊಲಿದದ್ದಾ?"

ಅಳುವುದೋ ನಗುವುದೋ ತಿಳಿಯದೆ ನಾನು ಎರಡನ್ನೂ ಒಟ್ಟಿಗೆ ಮಾಡಿದೆ.

ಹಮೀದ್ ರಜೆಯನ್ನು ಪೆರ್ನಾಲಿನವರೆಗೆ ಉದ್ದ ಮಾಡಿಕೊಂಡ. ನೋಂಬು ಶುರುವಾಯಿತು. ಹಗಲು ಕಣ್ಣಿಗೆ ಹನಿ ಹಾಕಬಹುದೋ ಎಂದು ಐಸಮ್ಮ ಮಸೀದಿಯ ಉಸ್ತಾದರಲ್ಲಿ ಕೇಳಿಸಿ, ಆಗಬಹುದು ಎಂದ ಮೇಲೆಯೇ ಹಾಕಿಸಿಕೊಂಡರು. ನಮಾಜು ಕುರ್ಚಿಯಲ್ಲಿ ಕುಳಿತೇ ಆಯಿತು. ಅದರ ಅಸಮಾಧಾನ ಅವರ ಮುಖದಲ್ಲಿತ್ತು. ಎರಡನೆಯ ವಾರದ ಒಂದು ಸಂಜೆ, ನೋಂಬು ಬಿಟ್ಟು ಶರಬತ್ತು ಕುಡಿದ ಮೇಲೆ, ಅದೇ ನಾಲ್ಕು ಜನ ಟೇರೇಸು ಹತ್ತಿದೆವು. ಗುರು ಈಗ ಹೆಚ್ಚುಕಡಿಮೆ ನೆತ್ತಿಯ ಮೇಲಿದ್ದ. ಐಸಮ್ಮ ಕಣ್ಣಿಟ್ಟರು. ಅವರ ಬೆನ್ನು ನೆಟ್ಟಗಾಯಿತು.

"ಯಾ ಅಲ್ಲಾ" ಎಂದರು. ಅಷ್ಟೇ.

"ಚಂದ್ರ ಕಂಡಿತಾ ಉಮ್ಮಾಮ? ನಾಲ್ಕೂ?"

"ಮೂರು."

"ನಾಲ್ಕು ಇರಬೇಕು."

"ಮೂರು ಉಂಟು."

ನಾನೂ ನೋಡಿ, ಈ ಕಡೆ ಎರಡು, ಆ ಕಡೆ ಎರಡು ಎಂದು ಲೆಕ್ಕ ಕೊಟ್ಟೆ. ಹಮೀದ್ ನೋಡಿ, ನಾಲ್ಕಿದ್ದ ಹಾಗೆ ಕಾಣುತ್ತದೆ ಎಂದ. ಐಸಮ್ಮ ನಮ್ಮಿಬ್ಬರನ್ನೂ ಮೋಡವನ್ನು ನೋಡುವಂತೆ ನೋಡಿದರು. ಶಮೀಮ ಮೊಬೈಲು ತೆಗೆದು ಏನೋ ತಿರುವಿ ಹಾಕಿದವಳು ತಟ್ಟನೆ ಮುಖವೆತ್ತಿದಳು.

"ಮೂರೇ! ಉಮ್ಮಾಮ, ನೀವು ಹೇಳಿದ್ದೇ ಸರಿ. ಐಸಿನದ್ದು ಈಗ ಗುರುವಿನ ನೆರಳಿನ ಒಳಗೆ ಉಂಟು. ಅದಕ್ಕೆ ಗ್ರಹಣ. ಇನ್ನು ಸ್ವಲ್ಪ ಹೊತ್ತಿಗೆ ಹೊರಗೆ ಬರ್ತದೆ."

"ಎಲ್ಲಿ ಬರ್ತದೆ?"

"ಗುರುವಿನಿಂದ ಸ್ವಲ್ಪ ಆಚೆ. ಖಾಲಿ ಜಾಗದಲ್ಲಿ."

ಐಸಮ್ಮ ಕುರ್ಚಿ ಬಿಡಲಿಲ್ಲ. ಪೆರ್ನಾಲಿನ ಚಂದ್ರನಿಗೆ ಕಾಯುತ್ತಿದ್ದ ಅದೇ ಕಾಯುವಿಕೆ, ಕೈ ಮಡಿಲಲ್ಲಿ, ತುಟಿಯಲ್ಲಿ ಸದ್ದಿಲ್ಲದ ಯಾವುದೋ ಜಪ. ಗುರು ಜಾರಿದಾಗೆಲ್ಲ ಶಮೀಮ ಕೊಳವೆಯನ್ನು ನವಿರಾಗಿ ಸರಿಸುತ್ತಿದ್ದಳು. ಕೆಳಗೆ ಹೆದ್ದಾರಿಯಲ್ಲಿ ಲಾರಿಗಳು ಹಾರ್ನು ಹಾಕುತ್ತ ಹೋದವು. ಹಮೀದ್ ಕೂಡ ತಮಾಷೆ ಬಿಟ್ಟು ಗೋಡೆಗೊರಗಿ ನಿಂತ.

"ಬಂತು" ಎಂದರು ಐಸಮ್ಮ.

ನಮ್ಮನ್ನು ಕರೆಯಲಿಲ್ಲ, ಕಣ್ಣು ತೆಗೆಯಲಿಲ್ಲ. "ಮೊದಲು ಇದೆಯೋ ಇಲ್ಲವೋ ಅಂತ. ಈಗ ಉಂಟು. ಈಗ ಜಾಸ್ತಿ ಉಂಟು" ಎಂದು ತಮಗೇ ಹೇಳಿಕೊಂಡರು. ಆಮೇಲೆ ನನ್ನ ತಲೆಯನ್ನು ಹಿಡಿದು ಬಗ್ಗಿಸಿದರು. ಈ ಬಾರಿ ನನಗೆ ನಿಜವಾಗಿಯೂ ಕಂಡಿತು. ಏನೂ ಇಲ್ಲದ ಕಪ್ಪಿನಲ್ಲಿ ಯಾರೋ ಬತ್ತಿಯನ್ನು ಮೆಲ್ಲಗೆ ಏರಿಸುತ್ತಿದ್ದಂತೆ ಒಂದು ಚುಕ್ಕಿ ಬೆಳಗುತ್ತ ಬಂತು. ಅದರೊಳಗೆ ಒಂದು ಕಡಲು. ನಾವು ಕಂಡ ಆ ಬೆಳಕು ಅಲ್ಲಿಂದ ಹೊರಟು ಮುಕ್ಕಾಲು ಗಂಟೆಯ ಹತ್ತಿರವಾಗಿದೆ ಎಂದು ಶಮೀಮ ಹೇಳಿದಳು. ನಾನು ಲೆಕ್ಕ ಹಾಕಿದೆ. ನಾವು ಲೋಟ ತೊಳೆದಿಡುವ ಹೊತ್ತಿಗೆ ಅದು ನಮ್ಮ ಕಡೆಗೆ ಹೊರಟಿತ್ತು.

ಇಪ್ಪತ್ತೊಂಬತ್ತನೆಯ ನೋಂಬಿನ ಸಂಜೆ ಓಣಿಯವರೆಲ್ಲ ಟೇರೇಸಿನಲ್ಲಿ ಸೇರಿದರು. ಪಡುವಣದಲ್ಲಿ ಒಂದು ಬೆಳ್ಳಿಯ ಗೆರೆ ಕಂಡು ಹಮೀದ್, "ಅಕೊಳ್ಳಿ!" ಎಂದು ಕೂಗಿದ. ಎಲ್ಲರೂ ಐಸಮ್ಮನ ಕಡೆ ತಿರುಗಿದರು. ಅವರು ಎದ್ದು ನಿಂತು, ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದರು.

"ಇಲ್ಲ. ಅದು ಮೋಡ."

ಕಾಝಿಯವರ ಕಡೆಯಿಂದಲೂ ಚಂದ್ರ ಕಂಡಿಲ್ಲವೆಂದೇ ಸುದ್ದಿ ಬಂತು. ಹಮೀದ್ ಮರುಮಾತಾಡದೆ ಕೆಳಗಿಳಿದು ಹೋಗಿ, ಬಿರಿಯಾನಿಗೆಂದು ಹೊರಗೆ ತೆಗೆದಿಟ್ಟ ಮಾಂಸವನ್ನು ಪುನಃ ಫ್ರಿಜ್ಜಿನಲ್ಲಿಟ್ಟ.